ಐದು ಸ್ಟಾರ್ ರೇಡ್ ಮತ್ತೆ ಮತ್ತೆ ಕೈ ತಪ್ಪುತ್ತಿದೆಯಾ? ಪೋಕೆಮಾನ್ ಗೋದಲ್ಲಿ ರೇಕ್ವಾಜಾ ಎದುರು ತಂಡ ಕಟ್ಟುವ ಸಮಗ್ರ ಮಾರ್ಗದರ್ಶಿ

ಬುಧವಾರ ಸಂಜೆ ಆರು ಗಂಟೆ, ರೇಡ್ ಅವರ್, ಅಂದರೆ ಬಲಿಷ್ಠ ಬಾಸ್ ಪೋಕೆಮಾನ್ ಅನ್ನು ಹಲವರು ಸೇರಿ ಸೋಲಿಸುವ ರೇಡ್‌ಗಳ ಹೊತ್ತು. ಕಬ್ಬನ್ ಪಾರ್ಕಿನ ಒಂದು ಜಿಮ್ (ಆಟದ ಮ್ಯಾಪ್‌ನಲ್ಲಿ ರೇಡ್ ನಡೆಯುವ ಜಾಗ) ಹತ್ತಿರ ನಾಲ್ಕು ಜನ ನಿಂತಿದ್ದೀರಿ. ಎಲ್ಲರ ಬಳಿಯೂ 3,000 ಸಿಪಿ (ಕಾಂಬ್ಯಾಟ್ ಪವರ್, ಹೋರಾಟದ ಒಟ್ಟು ಬಲ) ದಾಟಿದ ಪೋಕೆಮಾನ್‌ಗಳಿವೆ. ಆದರೂ ಟೈಮರ್ ಸೊನ್ನೆಗೆ ಬಂದಾಗ ಬಾಸ್ ರೇಕ್ವಾಜಾದ ಹೆಲ್ತ್ ಬಾರ್ ಕಾಲು ಭಾಗ ಹಾಗೇ ಉಳಿದಿರುತ್ತದೆ. "ಇನ್ನೊಬ್ಬರು ಇದ್ದಿದ್ರೆ ಆಗ್ತಿತ್ತು" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ.

ಇನ್ನೊಬ್ಬರು ಬೇಕಿರಲಿಲ್ಲ. ಇದ್ದ ನಾಲ್ವರೂ ಆಟವೇ ಆರಿಸಿಕೊಟ್ಟ ತಂಡ ಹಿಡಿದು ಒಳಗೆ ಹೋಗಿದ್ದರು, ಅಷ್ಟೇ. ಈ ಮಾರ್ಗದರ್ಶಿಯಲ್ಲಿ ರೇಕ್ವಾಜಾವನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬಾಸ್ ಬದಲಾದರೂ ಹಂತಗಳ ಕ್ರಮ ಇದೇ. ಕ್ರಮ ತಪ್ಪಿಸಬೇಡಿ. ಹೆಚ್ಚಿನವರು ನಾಲ್ಕನೇ ಹಂತದಿಂದ ಶುರು ಮಾಡಿ, ಡಸ್ಟ್ (ಪೋಕೆಮಾನ್ ಬಲಪಡಿಸಲು ಕೊಡುವ ಸ್ಟಾರ್‌ಡಸ್ಟ್) ಎಲ್ಲಾ ಸುರಿದ ಮೇಲೆ ಮೊದಲನೇ ಹಂತಕ್ಕೆ ಬರುತ್ತಾರೆ.

ಹೊರಡುವ ಮುಂಚೆ ಕೈಯಲ್ಲಿ ಇರಬೇಕಾದ್ದು

ಕನಿಷ್ಠ 15 ರಿವೈವ್ (ಸತ್ತ ಪೋಕೆಮಾನ್ ಎಬ್ಬಿಸಲು), ಒಂದಷ್ಟು ಪೋಷನ್ (ಹೆಲ್ತ್ ತುಂಬಲು), ಐದಾರು ಗೋಲ್ಡನ್ ರಾಝ್ ಬೆರ್ರಿ (ಹಿಡಿಯುವುದು ಸುಲಭವಾಗಲು), ಒಂದು ರೇಡ್ ಪಾಸ್, ಚಾರ್ಜ್ ಆದ ಪವರ್ ಬ್ಯಾಂಕ್. ದಿನಕ್ಕೊಂದು ಉಚಿತ ಪಾಸ್ ಜಿಮ್‌ನ ಡಿಸ್ಕ್ ತಿರುಗಿಸಿದರೆ ಸಿಗುತ್ತದೆ. ನಿನ್ನೆಯದು ಹಾಗೇ ಉಳಿದಿದ್ದರೆ ಇವತ್ತಿನದು ಸಿಗುವುದಿಲ್ಲ. ಹಾಗಾಗಿ ಹಳೆಯದನ್ನು ಮೊದಲು ಬಳಸಿ.

ಬ್ಯಾಗ್ ತುಂಬಿದೆ ಎಂದು ರಿವೈವ್‌ಗಳನ್ನು ಬಿಸಾಡುವವರನ್ನು ನೋಡಿದ್ದೇನೆ. ಬಿಸಾಡುವುದಾದರೆ ಬೇರೆ ಬೆರ್ರಿಗಳನ್ನು ಬಿಸಾಡಿ.

ಹಂತ 1: ಬಾಸ್‌ನ ಟೈಪ್ ನೋಡಿ, ಸ್ವಲ್ಪ ಲೆಕ್ಕ ಹಾಕಿ

ರೇಕ್ವಾಜಾ ಡ್ರ್ಯಾಗನ್ ಮತ್ತು ಫ್ಲೈಯಿಂಗ್, ಎರಡೂ ಟೈಪ್ ಸೇರಿದ ಪೋಕೆಮಾನ್. ಐಸ್ ಏಟನ್ನು ಈ ಎರಡೂ ಟೈಪ್ ತಡೆದುಕೊಳ್ಳುವುದಿಲ್ಲ. ಒಂದು ಟೈಪ್‌ನ ದೌರ್ಬಲ್ಯಕ್ಕೆ ಏಟು 1.6 ಪಟ್ಟು ಬೀಳುತ್ತದೆ. ಎರಡೂ ಸೇರಿದರೆ 1.6 ಗುಣಿಸು 1.6, ಅಂದರೆ 2.56 ಪಟ್ಟು. ಡ್ರ್ಯಾಗನ್, ರಾಕ್, ಫೇರಿ ಏಟುಗಳೂ ತಾಗುತ್ತವೆ, ಆದರೆ 1.6 ಪಟ್ಟು ಮಾತ್ರ. ಹಾಗಾಗಿ ಇಲ್ಲಿ ಐಸ್ ಬಿಟ್ಟು ಬೇರೆ ಯೋಚನೆ ಮಾಡುವ ಅಗತ್ಯವೇ ಇಲ್ಲ.

ಇನ್ನು ಸಮಯದ ಲೆಕ್ಕ. ಐದು ಸ್ಟಾರ್ ರೇಡ್ ಬಾಸ್‌ಗೆ 15,000 ಹೆಚ್‌ಪಿ (ಹೆಲ್ತ್), ನಿಮಗೆ 300 ಸೆಕೆಂಡ್. ಅಂದರೆ ಇಡೀ ಗುಂಪು ಸೆಕೆಂಡಿಗೆ 50 ಹೆಚ್‌ಪಿ ಇಳಿಸುತ್ತಲೇ ಇರಬೇಕು. ಮೂವರಿದ್ದರೆ ತಲೆಗೆ ಸುಮಾರು 17, ನಾಲ್ವರಿದ್ದರೆ 12.5. ನಿಮ್ಮ ಪೋಕೆಮಾನ್ ಎಷ್ಟು ಹೊತ್ತು ಬದುಕುತ್ತದೆ ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ, ಗಮನಿಸಿದಿರಾ? ಬದುಕುವುದು ಎರಡನೇ ಮಾತು. ಗಡಿಯಾರ ಮೊದಲು.

ಎಚ್ಚರಿಕೆಯ ಗುರುತು: ಲಾಬಿಗೆ (ರೇಡ್ ಶುರುವಾಗುವ ಮುಂಚೆ ಕಾಯುವ ಜಾಗಕ್ಕೆ) ಹೋದಾಗ ಆಟ ಅಗ್ರಾನ್ ಥರದ ಪೋಕೆಮಾನ್‌ಗಳನ್ನು ಸಾಲಾಗಿ ನಿಲ್ಲಿಸಿದ್ದರೆ ಆ ತಂಡವನ್ನು ಒಪ್ಪಬೇಡಿ. ಅಗ್ರಾನ್ ಸ್ಟೀಲ್ ಮತ್ತು ರಾಕ್. ರೇಕ್ವಾಜಾದ ಡ್ರ್ಯಾಗನ್ ಏಟನ್ನೂ ಫ್ಲೈಯಿಂಗ್ ಏಟನ್ನೂ ಚೆನ್ನಾಗಿ ತಡೆದುಕೊಳ್ಳುತ್ತದೆ. ಅದಕ್ಕೇ ಆಟಕ್ಕೆ ಅದರ ಮೇಲೆ ಪ್ರೀತಿ. ಅದು ಸಾಯುವುದಿಲ್ಲ ನಿಜ, ಆದರೆ ಸಾಯಿಸುವುದೂ ಇಲ್ಲ. ಬಂಡೆ ಥರ ನಿಂತುಕೊಂಡೇ ಐದು ನಿಮಿಷ ಕಳೆದುಬಿಡುತ್ತದೆ.

ಹಂತ 2: ಹೊಡೆಯುವವರನ್ನು ಆರಿಸಿ

ಸಿಪಿ ಪ್ರಕಾರ ಜೋಡಿಸಿ ಮೇಲಿನ ಆರನ್ನು ಎತ್ತಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಸಿಪಿಯಲ್ಲಿ ಅಟ್ಯಾಕ್, ಡಿಫೆನ್ಸ್, ಸ್ಟ್ಯಾಮಿನಾ ಮೂರೂ ಕಲಸಿ ಹೋಗಿವೆ. ಬ್ಲಿಸಿ ಎಂಬ ಪೋಕೆಮಾನ್‌ನ ಸಿಪಿಯೂ ಜಾಸ್ತಿಯೇ ಇರುತ್ತದೆ, ಏಟು ಮಾತ್ರ ಸೊಳ್ಳೆ ಕಡಿದ ಹಾಗೆ.

ರೇಕ್ವಾಜಾಗೆ ನಮ್ಮ ಕೈಗೆ ಸುಲಭವಾಗಿ ಸಿಗುವವು ಇವು:

ಮಾಮೊಸ್ವೈನ್. ಮೊದಲ ಆಯ್ಕೆ, ಎರಡನೇ ಆಯ್ಕೆ, ಮೂರನೇ ಆಯ್ಕೆ ಎಲ್ಲಾ ಇದೇ. ಸ್ವಿನಬ್ ಹಿಡಿದು 25 ಕ್ಯಾಂಡಿ ಕೊಟ್ಟರೆ ಅದು ಪೈಲೊಸ್ವೈನ್ ಆಗಿ ಬೆಳೆಯುತ್ತದೆ. ಆಮೇಲೆ 100 ಕ್ಯಾಂಡಿ ಮತ್ತು ಒಂದು ಸಿನ್ನೋ ಸ್ಟೋನ್ ಕೊಟ್ಟರೆ ಮಾಮೊಸ್ವೈನ್. ಇದು ಐಸ್ ಮತ್ತು ಗ್ರೌಂಡ್. ಆ ಗ್ರೌಂಡ್ ಯಾಕೆ ಮುಖ್ಯ ಎಂದು ಐದನೇ ಹಂತದಲ್ಲಿ ಹೇಳುತ್ತೇನೆ.

ಗಲೇರಿಯನ್ ಡಾರ್ಮಾನಿಟನ್, ವೀವೈಲ್. ಎರಡೂ ಜೋರಾಗಿ ಹೊಡೆಯುತ್ತವೆ, ಬೇಗ ಬೀಳುತ್ತವೆ.

ಗ್ಲೇಸಿಯಾನ್. ಹೊಸಬರಿಗೆ ಇದು ಅಗ್ಗದ ದಾರಿ. ಗ್ಲೇಷಿಯಲ್ ಲೂರ್ ಹಾಕಿದ ಪೋಕೆಸ್ಟಾಪ್ ಹತ್ತಿರ ನಿಂತು ಈವಿಗೆ 25 ಕ್ಯಾಂಡಿ ಕೊಟ್ಟರೆ ಸಾಕು. ಒಂದೇ ಲೂರ್‌ನಲ್ಲಿ ಸ್ನೇಹಿತರೆಲ್ಲ ಸೇರಿ ಮಾಡಿಕೊಳ್ಳಬಹುದು.

ಶ್ಯಾಡೋ (ಟೀಮ್ ಗೋ ರಾಕೆಟ್‌ನಿಂದ ಬಿಡಿಸಿದ) ಮಾಮೊಸ್ವೈನ್ ಇದ್ದರೆ ಇನ್ನೂ ಒಳ್ಳೆಯದು. ಶ್ಯಾಡೋ ಪೋಕೆಮಾನ್ 20% ಜಾಸ್ತಿ ಹೊಡೆಯುತ್ತದೆ, ಬದಲಿಗೆ ಜಾಸ್ತಿ ಏಟು ತಿನ್ನುತ್ತದೆ. ಗಡಿಯಾರದ ಆಟದಲ್ಲಿ ಇದು ಲಾಭದ ವ್ಯಾಪಾರ. ಆದ್ದರಿಂದ ಐವಿ (ಪ್ರತಿ ಪೋಕೆಮಾನ್‌ಗೂ ಹುಟ್ಟಿನಿಂದ ಬರುವ ಗುಣಮಟ್ಟದ ಅಂಕಿ) ಚೆನ್ನಾಗಿ ಕಾಣುತ್ತದೆ ಎಂದು ಅದನ್ನು ಪ್ಯೂರಿಫೈ ಮಾಡಲು, ಅಂದರೆ ಶ್ಯಾಡೋ ತೆಗೆಯಲು, ಹೋಗಬೇಡಿ. ಒಮ್ಮೆ ಮಾಡಿದರೆ ವಾಪಸ್ ತಿರುಗಿಸುವುದಕ್ಕೆ ಆಗುವುದಿಲ್ಲ. ನಾನು ಒಂದನ್ನು ಹಾಗೆ ಕಳೆದುಕೊಂಡಿದ್ದೇನೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಂತ 3: ಮೂವ್‌ಗಳನ್ನು ತೆರೆದು ನೋಡಿ

ಅತಿ ಹೆಚ್ಚು ರೇಡ್‌ಗಳು ಸೋಲುವುದು ಇಲ್ಲೇ. ಪೋಕೆಮಾನ್ ಐಸ್ ಆದ ಮಾತ್ರಕ್ಕೆ ಅದರ ಏಟು ಐಸ್ ಆಗಿರಬೇಕೆಂದೇನೂ ಇಲ್ಲ.

ಪ್ರತಿ ಪೋಕೆಮಾನ್‌ಗೂ ಎರಡು ಬಗೆಯ ಏಟು: ಬೆರಳು ತಟ್ಟಿದಂತೆ ಬೀಳುವ ಫಾಸ್ಟ್ ಮೂವ್, ಎನರ್ಜಿ ತುಂಬಿದ ಮೇಲೆ ಬಿಡುವ ಚಾರ್ಜ್ಡ್ ಮೂವ್. ಮಾಮೊಸ್ವೈನ್‌ಗೆ ಫಾಸ್ಟ್ ಮೂವ್ ಆಗಿ ಪೌಡರ್ ಸ್ನೋ ಬರಬಹುದು, ಮಡ್ ಸ್ಲ್ಯಾಪ್ ಕೂಡ ಬರಬಹುದು. ಮಡ್ ಸ್ಲ್ಯಾಪ್ ಗ್ರೌಂಡ್ ಏಟು. ಹಾರುವ ರೇಕ್ವಾಜಾಗೆ ನೆಲದ ಏಟು 0.39 ಪಟ್ಟು ಮಾತ್ರ ತಾಗುತ್ತದೆ. ಪೌಡರ್ ಸ್ನೋ 2.56 ಪಟ್ಟು. ಎರಡರ ನಡುವೆ ಆರೂವರೆ ಪಟ್ಟು ಅಂತರ! ಸಿಪಿ ಅದೇ, ಪೋಕೆಮಾನ್ ಅದೇ, ಐವಿ ಅದೇ. ಮೂವ್ ಮಾತ್ರ ಬೇರೆ. ನಾಲ್ಕು ಜನರ ಗುಂಪಿನಲ್ಲಿ ಇಬ್ಬರ ಮಾಮೊಸ್ವೈನ್‌ಗಳು ಮಣ್ಣು ಎರಚುತ್ತಾ ಕೂತಿದ್ದರೆ ಗೆಲ್ಲುವುದು ಹೇಗೆ ಹೇಳಿ.

ಬೇಕಾದ ಜೋಡಿಗಳು (ಮೊದಲು ಫಾಸ್ಟ್, ಆಮೇಲೆ ಚಾರ್ಜ್ಡ್):

ಮಾಮೊಸ್ವೈನ್‌ಗೆ ಪೌಡರ್ ಸ್ನೋ ಮತ್ತು ಅವಲಾಂಚ್. ಡಾರ್ಮಾನಿಟನ್‌ಗೆ ಐಸ್ ಫ್ಯಾಂಗ್ ಮತ್ತು ಅವಲಾಂಚ್. ವೀವೈಲ್‌ಗೆ ಐಸ್ ಶಾರ್ಡ್ ಮತ್ತು ಅವಲಾಂಚ್. ಗ್ಲೇಸಿಯಾನ್‌ಗೆ ಫ್ರಾಸ್ಟ್ ಬ್ರೆತ್ ಮತ್ತು ಅವಲಾಂಚ್.

ಹೊಡೆಯುವ ಪೋಕೆಮಾನ್‌ನ ಟೈಪ್ ಮತ್ತು ಅದರ ಏಟಿನ ಟೈಪ್ ಒಂದೇ ಆಗಿದ್ದರೆ ಇನ್ನೂ 1.2 ಪಟ್ಟು ಸೇರುತ್ತದೆ. ಮೇಲಿನ ಎಲ್ಲಾ ಜೋಡಿಗಳಿಗೂ ಅದು ಸಿಗುತ್ತದೆ.

ಹುಡುಕಲು ಒಂದು ಸುಲಭ ಉಪಾಯ ಇದೆ. ನಿಮ್ಮ ಪೋಕೆಮಾನ್ ಪಟ್ಟಿಯ ಹುಡುಕಾಟದಲ್ಲಿ @ ಚಿಹ್ನೆ, ಅದರ ಪಕ್ಕ 1, ಅದರ ಪಕ್ಕ ಐಸ್ ಎಂದು ಇಂಗ್ಲಿಷಿನಲ್ಲಿ ಜಾಗ ಬಿಡದೆ ಟೈಪ್ ಮಾಡಿ. ಐಸ್ ಫಾಸ್ಟ್ ಮೂವ್ ಇರುವವು ಮಾತ್ರ ಬರುತ್ತವೆ. 1ರ ಬದಲು 2 ಹಾಕಿದರೆ ಚಾರ್ಜ್ಡ್ ಮೂವ್. ಎರಡರಲ್ಲೂ ಕಾಣಿಸಿಕೊಂಡದ್ದು ನಿಮ್ಮ ತಂಡಕ್ಕೆ ಸೇರಬಹುದು.

ಮೂವ್ ತಪ್ಪಿದ್ದರೆ ಅದನ್ನು ಬದಲಿಸುವ ಫಾಸ್ಟ್ ಟಿಎಂ ಅಥವಾ ಚಾರ್ಜ್ಡ್ ಟಿಎಂ ಬಳಸಿ. ಎಲೀಟ್ ಟಿಎಂ (ಮೂವ್ ನಾವೇ ಆರಿಸಬಲ್ಲ ಅಪರೂಪದ್ದು) ಮುಟ್ಟಬೇಡಿ, ಇಲ್ಲಿ ಅದರ ಅಗತ್ಯ ಇಲ್ಲ.

ಎಚ್ಚರಿಕೆಯ ಗುರುತು: ಶ್ಯಾಡೋ ಪೋಕೆಮಾನ್‌ನ ಚಾರ್ಜ್ಡ್ ಮೂವ್ ಫ್ರಸ್ಟ್ರೇಶನ್ ಆಗಿದ್ದರೆ ಸಾಮಾನ್ಯ ದಿನಗಳಲ್ಲಿ ಟಿಎಂ ಹಾಕಿದರೂ ಹೋಗುವುದಿಲ್ಲ. ಟೀಮ್ ಗೋ ರಾಕೆಟ್‌ನ ಕೆಲವು ವಿಶೇಷ ಇವೆಂಟ್‌ಗಳಲ್ಲಿ ಮಾತ್ರ ತೆಗೆಯಲು ಬರುತ್ತದೆ. ಅಲ್ಲಿಯವರೆಗೆ ಅದು ತಂಡಕ್ಕೆ ಬೇಡ, ಪಕ್ಕಕ್ಕಿಡಿ.

ಹಂತ 4: ಡಸ್ಟ್ ಎಲ್ಲಿ ಹಾಕಬೇಕು, ಎಲ್ಲಿ ನಿಲ್ಲಿಸಬೇಕು

ಮೂವ್ ಸರಿಯಾದ ಮೇಲಷ್ಟೇ ಪವರ್ ಅಪ್. ಇದೊಂದು ನಿಯಮ ಪಾಲಿಸಿದರೂ ಅರ್ಧ ಡಸ್ಟ್ ಉಳಿಯುತ್ತದೆ.

ಲೆವೆಲ್ 20ರಿಂದ 30ಕ್ಕೆ ಒಯ್ಯಲು 75,000 ಸ್ಟಾರ್‌ಡಸ್ಟ್ ಬೇಕು. ಅಟ್ಯಾಕ್ ಸುಮಾರು 22% ಏರುತ್ತದೆ. 30ರಿಂದ 40ಕ್ಕೆ 1,50,000 ಬೇಕು. ಏರುವುದು ಬರೀ 8%. ದುಡ್ಡು ಎರಡರಷ್ಟು, ಸರಕು ಮೂರನೇ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಒಂದನ್ನು 40ಕ್ಕೆ ಒಯ್ಯುವ ಬದಲು ಇನ್ನೆರಡನ್ನು 30ಕ್ಕೆ ಒಯ್ಯಿರಿ. ಒಂದೇ ಒಂದು ದೈತ್ಯ ಮಾಮೊಸ್ವೈನ್ ಸತ್ತ ಮೇಲೆ ಉಳಿದ ಐದು ಜಾಗದಲ್ಲಿ ಏನಿಡುತ್ತೀರಿ?

ಲೆವೆಲ್ ಅಂಕಿಯನ್ನು ಆಟ ತೋರಿಸುವುದಿಲ್ಲ. ಪವರ್ ಅಪ್ ಬಟನ್ ಪಕ್ಕದ ಡಸ್ಟ್ ನೋಡಿ ಗುರುತು ಹಿಡಿಯಬೇಕು. 5,000 ಕೇಳುತ್ತಿದ್ದರೆ 30ರ ಆಸುಪಾಸು. 6,000ಕ್ಕೆ ಏರಿತೆಂದರೆ ಅಲ್ಲಿಗೆ ಕೈ ತೆಗೆಯಿರಿ. ಲಕ್ಕಿ ಪೋಕೆಮಾನ್‌ಗೆ (ವಿನಿಮಯದಲ್ಲಿ ಅದೃಷ್ಟದಿಂದ ಸಿಗುವವು) ಖರ್ಚು ಅರ್ಧ, ಶ್ಯಾಡೋಗೆ 20% ಜಾಸ್ತಿ. ಅದಕ್ಕೆ ತಕ್ಕಂತೆ ಓದಿಕೊಳ್ಳಿ.

ಐವಿ ವಿಚಾರ ಬಹಳ ಜನ ಕೇಳುತ್ತಾರೆ. ಮಾಮೊಸ್ವೈನ್‌ನ ಮೂಲ ಅಟ್ಯಾಕ್ 247. ಅಟ್ಯಾಕ್ ಐವಿ ಸೊನ್ನೆ ಇದ್ದರೂ 15 ಇದ್ದರೂ ವ್ಯತ್ಯಾಸ 6%. ಮಡ್ ಸ್ಲ್ಯಾಪ್ ಮತ್ತು ಪೌಡರ್ ಸ್ನೋ ನಡುವಿನ ಆರೂವರೆ ಪಟ್ಟು ಎಲ್ಲಿ, ಈ 6% ಎಲ್ಲಿ! 100% ಐವಿ ಸಿಗಲಿ ಎಂದು ಕಾಯುತ್ತಾ ಕೂತರೆ ರೇಕ್ವಾಜಾ ಬಂದು ಹೋಗಿರುತ್ತದೆ.

ಹಂತ 5: ಬಾಸ್‌ನ ಮೂವ್ ಮತ್ತು ಆವತ್ತಿನ ಹವಾಮಾನ

ರೇಕ್ವಾಜಾದ ಫಾಸ್ಟ್ ಮೂವ್ ಏರ್ ಸ್ಲ್ಯಾಶ್ ಇಲ್ಲವೇ ಡ್ರ್ಯಾಗನ್ ಟೇಲ್. ಚಾರ್ಜ್ಡ್ ಮೂವ್ ಔಟ್‌ರೇಜ್, ಏರಿಯಲ್ ಏಸ್, ಏನ್ಶಿಯೆಂಟ್ ಪವರ್ ಈ ಮೂರರಲ್ಲಿ ಒಂದು. ಯಾವುದೆಂದು ಲಾಬಿಯಲ್ಲಿ ಗೊತ್ತಾಗುವುದಿಲ್ಲ. ಹೋರಾಟದಲ್ಲಿ ಅದು ಮೊದಲ ಚಾರ್ಜ್ಡ್ ಮೂವ್ ಬಿಟ್ಟಾಗ ಪರದೆಯ ಮೇಲೆ ಹೆಸರು ಬರುತ್ತದೆ. ಆ ಹೆಸರನ್ನು ಜೋರಾಗಿ ಕೂಗಿ ಉಳಿದವರಿಗೂ ಹೇಳಿ.

ಇದರಲ್ಲಿ ಕಣ್ಣಿಡಬೇಕಾದ್ದು ಏನ್ಶಿಯೆಂಟ್ ಪವರ್. ಅದು ರಾಕ್ ಏಟು. ಗ್ಲೇಸಿಯಾನ್, ವೀವೈಲ್, ಡಾರ್ಮಾನಿಟನ್ ಮೂರಕ್ಕೂ 1.6 ಪಟ್ಟು ಬೀಳುತ್ತದೆ. ಮಾಮೊಸ್ವೈನ್‌ಗೆ ಮಾತ್ರ ಅದರ ಗ್ರೌಂಡ್ ಭಾಗ ರಾಕ್ ಏಟನ್ನು ತಗ್ಗಿಸುತ್ತದೆ, ಹಾಗಾಗಿ ಸಾಮಾನ್ಯ ಏಟಷ್ಟೇ ಬೀಳುತ್ತದೆ. ಮೊದಲ ಮೂರು ಆಯ್ಕೆಯೂ ಮಾಮೊಸ್ವೈನ್ ಎಂದದ್ದು ಇದಕ್ಕೇ.

ಹವಾಮಾನದ ಪ್ರಕಾರ ಕೆಲವು ಟೈಪ್‌ಗಳ ಏಟಿಗೆ 1.2 ಪಟ್ಟು ಬಲ ಬರುತ್ತದೆ. ಐಸ್‌ಗೆ ಬಲ ಬರುವುದು ಆಟದಲ್ಲಿ ಹಿಮ ಬಿದ್ದಾಗ. ಬೆಂಗಳೂರಿನಲ್ಲಿ ಅದನ್ನು ಮರೆತುಬಿಡಿ. ಟೊರೊಂಟೊದಲ್ಲಿ ಕೂತು ಓದುತ್ತಿರುವವರು ಚಳಿಗಾಲದಲ್ಲಿ ಬೇಕಾದರೆ ಹೊಟ್ಟೆ ಉರಿಸಬಹುದು. ನಮಗೆ ಲೆಕ್ಕಕ್ಕೆ ಬರುವುದು ಗಾಳಿ. ಆಷಾಢದ ಗಾಳಿಯಲ್ಲಿ ಆಟ ವಿಂಡಿ ಎಂದು ತೋರಿಸಿತೆಂದರೆ ರೇಕ್ವಾಜಾದ ಡ್ರ್ಯಾಗನ್, ಫ್ಲೈಯಿಂಗ್ ಏಟುಗಳೆಲ್ಲ ಜೋರಾಗುತ್ತವೆ. ಆವತ್ತು ಒಬ್ಬರನ್ನು ಹೆಚ್ಚಿಗೆ ಕರೆದುಕೊಳ್ಳಿ. ಗೆದ್ದರೆ ಲಾಭವೂ ಇದೆ. ಸಾಮಾನ್ಯವಾಗಿ ಲೆವೆಲ್ 20ರಲ್ಲಿ ಸಿಗುವ ರೇಕ್ವಾಜಾ ಆವತ್ತು 25ರಲ್ಲಿ ಸಿಗುತ್ತದೆ.

ಬೇರೆ ಬಾಸ್‌ಗಳಲ್ಲಿ ಈ ಹಂತ ಇನ್ನೂ ದೊಡ್ಡದು. ಗ್ರೌಡಾನ್ ಗ್ರೌಂಡ್ ಟೈಪ್ ಎಂದು ಎಲ್ಲರೂ ವಾಟರ್ ತಂಡ ತರುತ್ತಾರೆ. ಅದರ ಹತ್ತಿರ ಸೋಲಾರ್ ಬೀಮ್ ಇದ್ದರೆ ವಾಟರ್ ತಂಡ ಪೂರ್ತಿ ಮಲಗುತ್ತದೆ. ಗ್ರಾಸ್ ತಂಡ ತಂದರೆ ಸೋಲಾರ್ ಬೀಮ್ ತಡೆಯುತ್ತದೆ, ಆದರೆ ಫೈರ್ ಬ್ಲಾಸ್ಟ್ ಇದ್ದರೆ ಸುಟ್ಟು ಹೋಗುತ್ತದೆ. ಕಯೋಗರ್ ಎದುರು ಗ್ರಾಸ್ ತಂದವರಿಗೆ ಬ್ಲಿಝರ್ಡ್ ಕಾದಿರುತ್ತದೆ. ಇಂಥ ಬಾಸ್‌ಗಳಿಗೆ ಎರಡು ತಂಡ ಮಾಡಿಟ್ಟುಕೊಳ್ಳಿ. ಮೊದಲ ಸುತ್ತಿನಲ್ಲಿ ಮೂವ್ ನೋಡಿ, ಎರಡನೇ ಸುತ್ತಿಗೆ ಬದಲಾಯಿಸಿ. ಸೋತರೂ ಅದೇ ರೇಡ್‌ಗೆ ಮತ್ತೆ ಹೋಗಲು ಹೊಸ ಪಾಸ್ ಬೇಡ, ರೇಡ್ ಮುಗಿಯುವಷ್ಟರಲ್ಲಿ ಹೋಗಬೇಕು ಅಷ್ಟೇ.

ಹಂತ 6: ಪಾರ್ಟಿ ಮನೆಯಲ್ಲೇ ಸೇವ್ ಮಾಡಿ

ಲಾಬಿಯಲ್ಲಿ ಸಿಗುವುದು 120 ಸೆಕೆಂಡ್. ಅಷ್ಟರಲ್ಲಿ ಪಟ್ಟಿ ತೆರೆದು, ಹುಡುಕಿ, ಆರನ್ನು ಜೋಡಿಸಲು ಹೋದರೆ ಗಾಬರಿಯಲ್ಲಿ ಐಸ್ ಅಲ್ಲದ ಒಂದು ಸ್ನೋರ್ಲ್ಯಾಕ್ಸ್ ಒಳಗೆ ಬಂದಿರುತ್ತದೆ. ಮನೆಯಲ್ಲೇ ಪಾರ್ಟಿ (ಆರು ಪೋಕೆಮಾನ್‌ಗಳ ತಂಡ) ಮಾಡಿ ಹೆಸರಿಟ್ಟುಕೊಳ್ಳಿ. ನಾನು ಐಸ್ 1, ಐಸ್ 2 ಎಂದು ಇಟ್ಟುಕೊಂಡಿದ್ದೇನೆ. ಎರಡನೆಯದು ಯಾಕೆಂದು ಎಂಟನೇ ಹಂತದಲ್ಲಿದೆ.

ಸಾಲಿನಲ್ಲಿ ಬಲವಾದದ್ದು ಮುಂದೆ ಇರಲಿ. ಕಡೆಗೆ ಇಟ್ಟುಕೊಂಡು ಕಾಯ್ದಿರಿಸುವುದು ಬೇಡ, ಅದರ ಸರದಿ ಬರುವ ಹೊತ್ತಿಗೆ ಟೈಮರ್ ಮುಗಿದಿರಬಹುದು.

ಮೆಗಾ (ಸ್ವಲ್ಪ ಹೊತ್ತು ಇರುವ ಬಲಿಷ್ಠ ರೂಪ) ಮಾಡುವುದಾದರೆ ಐಸ್ ಮೆಗಾ ಮಾಡಿ. ಮೆಗಾ ಪೋಕೆಮಾನ್ ಅದೇ ಟೈಪ್‌ನ ಏಟುಗಳಿಗೆ ಜೊತೆಯವರಿಗೆ 30% ಬಲ ಕೊಡುತ್ತದೆ, ಬೇರೆ ಟೈಪ್‌ಗೆ 10% ಮಾತ್ರ. ಮೆಗಾ ಅಬೊಮಾಸ್ನೋ, ಮೆಗಾ ಗ್ಲೇಲಿ ಎರಡೂ ಸರಿ. ಅಬೊಮಾಸ್ನೋದಲ್ಲಿ ಗ್ರಾಸ್ ಕೂಡ ಇರುವುದರಿಂದ ಏರ್ ಸ್ಲ್ಯಾಶ್‌ಗೆ ಬೇಗ ಬೀಳುತ್ತದೆ. ಗುಂಪಿನಲ್ಲಿ ಎಲ್ಲರೂ ಮೆಗಾ ಮಾಡಿದರೆ ಬಲ ಒಂದರ ಮೇಲೊಂದು ಕೂಡಿಕೊಳ್ಳುವುದಿಲ್ಲ. ಯಾರು ಮಾಡುವುದೆಂದು ಮೊದಲೇ ಮಾತಾಡಿಕೊಳ್ಳಿ, ಉಳಿದವರ ಮೆಗಾ ಎನರ್ಜಿ ಉಳಿಯಲಿ.

ಹಂತ 7: ಲಾಬಿ

ಒಂದು ಲಾಬಿಯಲ್ಲಿ 20 ಜನರಿಗೆ ಜಾಗ. ಕಡಿಮೆ ಜನ ಇದ್ದಾಗ ಎಲ್ಲರೂ ಒಂದೇ ಲಾಬಿಯಲ್ಲಿ ಇರುವುದು ಮುಖ್ಯ. ಒಬ್ಬರು ಪ್ರೈವೇಟ್ ಗುಂಪು ಮಾಡಿ ಕೋಡ್ ಹೇಳಲಿ. ಒಳಗೆ ಬಂದ ಮೇಲೆ ತಲೆ ಎಣಿಸಿ. ನಾಲ್ವರು ಬರಬೇಕಿತ್ತು, ಮೂವರೇ ಕಾಣುತ್ತಿದ್ದಾರೆ, ಟೈಮರ್‌ನಲ್ಲಿ 15 ಸೆಕೆಂಡ್ ಇದೆ ಎಂದರೆ ಎಲ್ಲರೂ ಹೊರಗೆ ಬಂದು ಮತ್ತೆ ಸೇರಿ. ನಾಚಿಕೆ ಪಡಬೇಡಿ.

ಒಬ್ಬರಿಗೊಬ್ಬರು ಆಟದಲ್ಲಿ ಫ್ರೆಂಡ್ ಆಗಿದ್ದರೆ ಏಟಿಗೆ ಸ್ವಲ್ಪ ಬಲ ಸೇರುತ್ತದೆ. ಸುಮ್ನೆ ಜಿಮ್ ಹತ್ತಿರ ಕಾಯುವಾಗ ಕೋಡ್ ವಿನಿಮಯ ಮಾಡಿಕೊಳ್ಳಿ.

ಹಂತ 8: ಹೋರಾಟ

ಬೆರಳು ನಿಲ್ಲಿಸಬೇಡಿ. ಅವಲಾಂಚ್ ಎರಡು ಬಾರ್‌ನ ಮೂವ್. ಒಂದು ಬಾರ್ ತುಂಬಿದ ಕೂಡಲೇ ಬಿಡಿ. ಎರಡೂ ತುಂಬಲಿ ಎಂದು ಕಾದರೆ ಆಮೇಲೆ ಬರುವ ಎನರ್ಜಿ ದಂಡ. ಅಷ್ಟರಲ್ಲಿ ಪೋಕೆಮಾನ್ ಸತ್ತರೆ ಕೂಡಿಸಿದ್ದೆಲ್ಲ ದಂಡ.

ತಪ್ಪಿಸಿಕೊಳ್ಳುವುದು (ಡಾಡ್ಜ್) ಬಾಸ್‌ನ ಚಾರ್ಜ್ಡ್ ಮೂವ್‌ಗೆ ಮಾತ್ರ. ಸರಿಯಾದ ಹೊತ್ತಿಗೆ ಪಕ್ಕಕ್ಕೆ ಸ್ವೈಪ್ ಮಾಡಿದರೆ ಮುಕ್ಕಾಲು ಏಟು ತಪ್ಪುತ್ತದೆ. ಪ್ರತಿ ಫಾಸ್ಟ್ ಮೂವ್‌ಗೂ ಕುಣಿಯುತ್ತಿದ್ದರೆ ನೀವು ಹೊಡೆಯುವುದು ಯಾವಾಗ? ನೆಟ್‌ವರ್ಕ್ ಎಳೆದಾಡುತ್ತಿದ್ದರೆ ಡಾಡ್ಜ್ ಪೂರ್ತಿ ಬಿಟ್ಟುಬಿಡಿ.

ಆರೂ ಸತ್ತರೆ ಗಾಬರಿಯಲ್ಲಿ ಮ್ಯಾಪ್‌ಗೆ ಓಡಬೇಡಿ. ಮತ್ತೆ ಸೇರುವ ಆಯ್ಕೆ ಬರುತ್ತದೆ. ಅಲ್ಲಿ ಒಂದೊಂದನ್ನೇ ರಿವೈವ್ ಮಾಡುತ್ತಾ 30 ಸೆಕೆಂಡ್ ಕಳೆದರೆ ಒಟ್ಟು ಸಮಯದ ಹತ್ತರಲ್ಲಿ ಒಂದು ಪಾಲು ಹೋಯಿತು. ಆಗ ಐಸ್ 2 ಕೈಗೆ ಬರುತ್ತದೆ. ಪಾರ್ಟಿ ಬದಲಿಸಿ ನೇರ ಒಳಗೆ ನುಗ್ಗಿ. ಎರಡನೇ ಪಾರ್ಟಿ ಅಷ್ಟು ಬಲವಾಗಿ ಇಲ್ಲದಿದ್ದರೂ ಪರವಾಗಿಲ್ಲ, ಲೆವೆಲ್ 25ರ ಗ್ಲೇಸಿಯಾನ್ ಕೂಡ ಲಾಬಿಯಲ್ಲಿ ಕೂತ ಸತ್ತ ಮಾಮೊಸ್ವೈನ್‌ಗಿಂತ ಮೇಲು.

ಎಚ್ಚರಿಕೆಯ ಗುರುತು: 150 ಸೆಕೆಂಡ್ ಉಳಿದಾಗ ಬಾಸ್‌ನ ಬಾರ್ ಅರ್ಧಕ್ಕೆ ಇಳಿದಿರಬೇಕು. ಇಳಿದಿಲ್ಲ ಎಂದರೆ ಈ ಸುತ್ತು ಕಷ್ಟ. ಆದರೂ ಮುಗಿಸಿ, ಬಾಸ್‌ನ ಮೂವ್ ಬರೆದಿಟ್ಟುಕೊಳ್ಳಿ. ಯಾರ ತಂಡದಲ್ಲಿ ಐಸ್ ಅಲ್ಲದ ಏಟುಗಳಿವೆ ಎಂದು ಹೊರಗೆ ಬಂದು ಫೋನ್ ತೋರಿಸಿಕೊಂಡು ನೋಡಿ. ಲೆವೆಲ್ 30ರ ಸರಿಯಾದ ಮೂವ್‌ನ ಐಸ್ ತಂಡ ಇದ್ದರೆ ಮೂರ್ನಾಲ್ಕು ಜನ ಸಾಕು. ನಾಲ್ವರಿಗೂ ಆಗುತ್ತಿಲ್ಲ ಎಂದರೆ ಯಾರಾದರೊಬ್ಬರ ಫೋನ್‌ನಲ್ಲಿ ಮಡ್ ಸ್ಲ್ಯಾಪ್ ಇದ್ದೇ ಇರುತ್ತದೆ.

ಹಂತ 9: ಹಿಡಿಯುವುದು

ಗೆದ್ದ ಖುಷಿಯಲ್ಲಿ ಚೆಂಡುಗಳನ್ನು ಪಟಪಟ ಎಸೆದು ಮುಗಿಸಬೇಡಿ. ಪ್ರೀಮಿಯರ್ ಬಾಲ್ ಎಣಿಸಿ ಕೊಟ್ಟಿರುತ್ತಾರೆ. ಪ್ರತಿ ಎಸೆತಕ್ಕೂ ಗೋಲ್ಡನ್ ರಾಝ್ ಬೆರ್ರಿ ಹಾಕಿ, ಅದರ ಗುಣಕ 2.5. ಚೆಂಡನ್ನು ತಿರುಗಿಸಿ ಕರ್ವ್ ಎಸೆದರೆ ಇನ್ನೊಂದು 1.7.

ಚೆಂಡು ಹಿಡಿದುಕೊಂಡೇ ಬಣ್ಣದ ವೃತ್ತ ಸಣ್ಣದಾಗುವವರೆಗೆ ಕಾಯಿರಿ. ಆಗ ಎಸೆಯದೆ ಬೆರಳು ತೆಗೆಯಿರಿ. ರೇಕ್ವಾಜಾ ಒಮ್ಮೆ ದಾಳಿಯ ಭಂಗಿ ಮಾಡುವವರೆಗೆ ಸುಮ್ಮನಿರಿ. ಆ ಭಂಗಿ ಮುಗಿಯುತ್ತಾ ಬರುವಾಗ ಕರ್ವ್ ಎಸೆದರೆ ವೃತ್ತ ನೀವು ಬಿಟ್ಟ ಅಳತೆಯಲ್ಲೇ ಇರುತ್ತದೆ. ಮೊದಲ ಎರಡು ಚೆಂಡು ಹಾಳಾಗುತ್ತವೆ, ಆಮೇಲೆ ಕೈ ಕೂರುತ್ತದೆ.

ಪರದೆಯ ಮೇಲೆ 2191 ಸಿಪಿ ಕಂಡರೆ, ಗಾಳಿಯ ದಿನವಾದರೆ 2739 ಕಂಡರೆ, ಅದು 100% ಐವಿ. ಆಗ ಪಕ್ಕದವರಿಗೆ ಹೇಳುವ ಮೊದಲು ಹಿಡಿಯಿರಿ.